ಮುಂಬೈ–ಮಂಗಳೂರು ಫ್ಲೈಟ್: 713 ಕಿಲೋಮೀಟರ್‌ಗೆ ಒಂದೂವರೆ ಗಂಟೆ ಯಾಕೆ ಬೇಕು?

ಊರು ಕುಂದಾಪುರ, ಇರೋದು ಮುಂಬೈ ಹತ್ರದ ಡೊಂಬಿವ್ಲಿಲಿ. ಊರಿಗೆ ಹೊರಡೋವಾಗೆಲ್ಲ ಫ್ಲೈಟಾ ಮತ್ಸ್ಯಗಂಧ ರೈಲಾ ಅಂತ ಮನೇಲಿ ಪಂಚಾಯ್ತಿ, ಅದಕ್ಕೆ ಕೂತು ಲೆಕ್ಕಾನೇ ಹಾಕಿಬಿಟ್ಟೆ.

ಮೊದ್ಲು ದೂರ. ಮೊಬೈಲ್ ಮ್ಯಾಪಲ್ಲಿ ಏರ್‌ಪೋರ್ಟ್ ಮೇಲೆ ಬೆರಳು ಒತ್ತಿ ಹಿಡಿದ್ರೆ ಅಕ್ಷಾಂಶ ರೇಖಾಂಶ ಸಿಗುತ್ತೆ. ಮುಂಬೈದು 19.09, 72.87. ಬಜ್ಪೆದು, ಅಂದ್ರೆ ಮಂಗಳೂರು ಏರ್‌ಪೋರ್ಟಿಂದು, 12.96, 74.89. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿ.ಮೀ ಹಿಡಿದ್ರೆ ದಕ್ಷಿಣಕ್ಕೆ 680 ಆಯ್ತು, ರೇಖಾಂಶ ನಮ್ಮ ಕಡೆ ಸ್ವಲ್ಪ ಗಿಡ್ಡ, ಡಿಗ್ರಿಗೆ 107ರ ಹತ್ರ, ಅಲ್ಲಿಗೆ ಪೂರ್ವಕ್ಕೆ 215. ಹೈಸ್ಕೂಲಿನ ಪೈಥಾಗೊರಸ್ ಹಾಕಿದ್ರೆ 713 ಬಂತು. ರೋಡಲ್ಲಾದ್ರೆ 900ರ ಆಸುಪಾಸು.

ವಿಮಾನದ ಸ್ಪೀಡು ಗಂಟೆಗೆ 800 ಅಂತೀವಲ್ಲ, ಹಂಗಾದ್ರೆ 53 ನಿಮಿಷ ಸಾಕು, ಟಿಕೆಟಲ್ಲಿ ಮಾತ್ರ ಒಂದೂವರೆ ಗಂಟೆ ಮೇಲೇನೇ ಇರುತ್ತೆ. ಯಾಕಂದ್ರೆ ಆ 800 ಸಿಗೋದು ಮೇಲೆ ಹೋದ್ಮೇಲೆ ಮಾತ್ರ. 10,000 ಅಡಿ ಕೆಳಗೆ 250 ನಾಟ್ ಲಿಮಿಟ್ಟು, ಅಂದ್ರೆ ಗಂಟೆಗೆ 460 ಕಿ.ಮೀ ಅಷ್ಟೇ. ಮತ್ತೆ 33,000 ಅಡಿಯಿಂದ ಇಳಿಯೋಕೆ ಸುಮಾರು 185 ಕಿ.ಮೀ ಮುಂಚೇನೇ ಶುರು ಮಾಡ್ಬೇಕು, ಹತ್ತೋಕೂ ಹೆಚ್ಚುಕಮ್ಮಿ ಅಷ್ಟೇ ದೂರ ಹೋಗುತ್ತೆ, ಹಂಗಾಗಿ ಪೂರ್ತಿ ಸ್ಪೀಡಲ್ಲಿ ಓಡೋದು ಬರೀ ಅರ್ಧ ದಾರಿ! ಚಾ ಕೊಟ್ಟು ಕಪ್ ವಾಪಸ್ ಇಸ್ಕೊಳ್ಳೋಕೆ ಅವಸರ ಮಾಡ್ತಾರಲ್ಲ, ಅದು ಇದಕ್ಕೇ.

ಇನ್ನೊಂದು, ಟಿಕೆಟಿನ ಟೈಮು ಹಾರೋ ಟೈಮಲ್ಲ. ಗೇಟಿಂದ ಹಿಂದಕ್ಕೆ ತಳ್ಳಿದಾಗಿಂದ ಅಲ್ಲಿ ಹೋಗಿ ನಿಲ್ಲೋ ತನಕ. ಮುಂಬೈಲಿ ಎರಡು ರನ್‌ವೇ ಇದ್ರೂ ಒಂದಕ್ಕೊಂದು ಅಡ್ಡ ಇವೆ, ಒಂದೇ ಹೊತ್ತಿಗೆ ಎರಡನ್ನೂ ಬಳಸೋಕಾಗಲ್ಲ, ಸಂಜೆ ಹೊತ್ತು ಟೇಕಾಫ್‌ಗೆ ಕ್ಯೂ ನಿಂತಿದ್ದೇ ನಿಂತಿದ್ದು. ಆ ಕಾಯೋದೂ ಸೇರಿಸೇ ಟೈಮ್ ಕೊಟ್ಟಿರ್ತಾರೆ, ಅದಕ್ಕೇ ಕ್ಯೂ ಇಲ್ದಿದ್ರೆ ಬೇಗ ತಲುಪಿ ಕ್ಯಾಪ್ಟನ್ ಖುಷೀಲಿ ಅನೌನ್ಸ್ ಮಾಡೋದು.

ಈಗ ಬಾಗಿಲಿಂದ ಬಾಗಿಲಿಗೆ. ಫಾಸ್ಟ್ ಲೋಕಲಲ್ಲಿ ಘಾಟ್ಕೋಪರ್, ಮೆಟ್ರೋಲಿ ಮರೋಲ್ ನಾಕಾ, ಅಲ್ಲಿಂದ ಇನ್ನೊಂದು ಮೆಟ್ರೋ ಆಕ್ವಾ ಲೈನಲ್ಲಿ ಏರ್‌ಪೋರ್ಟಿನ ಟರ್ಮಿನಲ್ 2, ಎಲ್ಲ ಸೇರಿ ಒಂದೂವರೆ ಗಂಟೆ. ಚೆಕಿನ್ ಸೆಕ್ಯುರಿಟಿ ಇನ್ನೊಂದೂವರೆ. ಫ್ಲೈಟು ಒಂದೂವರೆ. ಬ್ಯಾಗಿಗೆ ಅರ್ಧ. ಆಮೇಲೆ ಬಜ್ಪೆಯಿಂದ ಕುಂದಾಪುರಕ್ಕೆ ಟ್ಯಾಕ್ಸಿ ಎರಡು ಗಂಟೆ, ಅದೂ ಹಾರ್ಕೊಂಡು ಬಂದ ದಿಕ್ಕಿಗೇ ವಾಪಸ್. ಒಟ್ಟು ಏಳು ಗಂಟೆ. ಮತ್ಸ್ಯಗಂಧ ಮಧ್ಯಾಹ್ನ ಹತ್ತಿದ್ರೆ ರಾತ್ರಿಯೆಲ್ಲ ಮಲಗಿಸ್ಕೊಂಡು ಬೆಳಗಿನ ಜಾವ ಕುಂದಾಪುರ ಸ್ಟೇಷನ್ನಲ್ಲೇ ಇಳಿಸುತ್ತೆ, ಟ್ಯಾಕ್ಸಿ ದುಡ್ಡೂ ಉಳೀತು. ಮಂಗಳೂರು ಪೇಟೆಯವರಿಗೆ ಫ್ಲೈಟ್ ಲಾಭ, ನಮ್ಮಂಥೋರಿಗೆ ರಜೆ ಕಮ್ಮಿ ಇದ್ರೆ ಮಾತ್ರ.

ಮಳೆಗಾಲದಲ್ಲಿ ಹೋಗೋರು ಬೆಳಗಿನ ಫ್ಲೈಟೇ ಹಿಡೀರಿ, ಬಜ್ಪೆ ಗುಡ್ಡದ ಮೇಲಿರೋದು, ಮೋಡ ಕವಿದ್ರೆ ಬೆಂಗಳೂರಿಗೆ ತಿರುಗಿಸಿಬಿಡ್ತಾರೆ, ಬೆಳಿಗ್ಗೆ ಆದ್ರೆ ಸಂಜೆಯೊಳಗಾದ್ರೂ ಮನೆ ಸೇರ್ಬಹುದು. ಹೋಗೋವಾಗ ಎಡಗಡೆ ಕಿಟಕಿ ತಗೊಳ್ಳಿ, ಬಲಗಡೆ ಹೆಚ್ಚಾಗಿ ಸಮುದ್ರಾನೇ.