ಬಿರಡೆಯ ಮೇಲೆ ಹೊರಿಸಿದ ತಪ್ಪು

ಶಿರಸಿಯಲ್ಲಿ ಹಾರ್ಮೋನಿಯಂ, ತಂಬೂರಿಗಳ ದುರಸ್ತಿ ಮಾಡಿಕೊಂಡಿದ್ದ ನನಗೆ, ಕಾರವಾರದ ಒಂದು ಮನೆಯಿಂದ ಹಳೆಯ ನಿಲುವು ಪಿಯಾನೊವೊಂದಕ್ಕೆ ಹೊಸ ತಂತಿ ಹಾಕಿಕೊಡುವ ಕೆಲಸ ಬಂತು. ಕಡಲಗಾಳಿಗೆ ತಂತಿಗಳೆಲ್ಲ ತುಕ್ಕು ಹಿಡಿದಿದ್ದವು. ಶ್ರುತಿ ಮಾಡಿದ ಮರುದಿನವೇ ಮೇಲಿನ ಸಪ್ತಕಗಳು ಇಳಿದುಬಿಡುತ್ತಿದ್ದುದರಿಂದ, ತಂತಿಯ ತುದಿ ಸುತ್ತಿರುವ ಬಿರಡೆಗಳು ಸಡಿಲವಾಗಿವೆಯೆಂದು ಹಿಂದೆ ನೋಡಿದವರು ತೀರ್ಮಾನಿಸಿದ್ದರು. ಮೊದಲು ನಾನೂ ಅದನ್ನೇ ನಂಬಿದೆ. ಆದರೆ ಶ್ರುತಿ ಮಾಡುವ ಕೀಲಿ ಹಾಕಿ ತಿರುಗಿಸಿದರೆ ಬಿರಡೆ ಬಿಗಿಯಾಗಿಯೇ ಇತ್ತು. ಸ್ವರ ಮಾತ್ರ ಮೊದಲು ಅಲುಗದೆ ನಿಂತು, ಆಮೇಲೆ ಟಕ್ಕೆಂದು ಬೇಕಾದುದಕ್ಕಿಂತ ಮೇಲಕ್ಕೆ ಹಾರುತ್ತಿತ್ತು. ತಂಬೂರಿಯ ಮೇರುವಿನ, ಅಂದರೆ ಬಿರಡೆಗಳ ಬಳಿ ತಂತಿ ಹಾಯುವ ಪಟ್ಟಿಯ, ಕಚ್ಚಿನಲ್ಲಿ ತಂತಿ ಸಿಕ್ಕಿಕೊಂಡಾಗಲೂ ಹೀಗೆಯೇ ಆಗುತ್ತದೆ.

ನಿಲುವು ಪಿಯಾನೊದ ಮೇಲಿನ ಸ್ವರಗಳಲ್ಲಿ ಬಿರಡೆಯಿಂದ ಹೊರಟ ತಂತಿಯು ಲೋಹದ ಒತ್ತುಪಟ್ಟಿಯ ಕೆಳಗೆ ನುಸುಳಿ, ಎರಕದ ಚೌಕಟ್ಟಿನ ಏಣನ್ನು ಹತ್ತಿ, ಅಲ್ಲಿಂದ ಮುಂದೆ ನುಡಿಯುವ ಭಾಗವಾಗುತ್ತದೆ. ಈ ಎರಡು ಕಡೆ ಘರ್ಷಣೆ ಹೆಚ್ಚಿದ್ದರೆ, ಹಾರಿದ ಸ್ವರವನ್ನು ಇಳಿಸಲೆಂದು ಬಿರಡೆಯನ್ನು ತುಸು ಹಿಂದಕ್ಕೆ ತಿರುಗಿಸಿದಾಗ ಬಿರಡೆಯ ಕಡೆಯ ತುಂಡು ಮಾತ್ರ ಸಡಿಲಗೊಂಡು, ನುಡಿಯುವ ಭಾಗ ಬಿಗಿಯಾಗಿಯೇ ಉಳಿಯುತ್ತದೆ. ಮುಂದೆ ನುಡಿಸುವಾಗ ಪಿಯಾನೊದೊಳಗಿನ ಸುತ್ತಿಗೆಯ ಪೆಟ್ಟು ಬಿದ್ದಂತೆಲ್ಲ ತಂತಿ ಸ್ವಲ್ಪ ಸ್ವಲ್ಪವೇ ಜಾರಿ ಎರಡೂ ಕಡೆಯ ಬಿಗಿ ಸಮನಾಗುತ್ತದೆ, ಸ್ವರ ಇಳಿಯುತ್ತದೆ.

ಎಲ್ಲ ತಂತಿಗಳ ಒಟ್ಟು ಎಳೆತ 15ರಿಂದ 20 ಟನ್ನಿನಷ್ಟಿರುವುದರಿಂದ, ಒಂದೇ ಕಡೆಯಿಂದ ಬಿಚ್ಚದೆ, ಇಡೀ ವಾದ್ಯದ ಬಿಗಿಯನ್ನು ಸುತ್ತು ಸುತ್ತಾಗಿ ಇಳಿಸಿದೆ. ಪ್ರತಿ ತಂತಿಯ ದಪ್ಪವನ್ನು ಮೈಕ್ರೋಮೀಟರಿನಿಂದ ಅಳೆದು ಬರೆದಿಟ್ಟೆ. ಒತ್ತುಪಟ್ಟಿ ಬಿಚ್ಚಿದಾಗ ಅದರ ಅಡಿಯಲ್ಲೂ ಏಣಿನ ಮೇಲೂ ಹಳೆಯ ತಂತಿಗಳು ಕೊರೆದ ಗೀರುಗಳಿದ್ದವು. ಏಣನ್ನು ಸಣ್ಣ ಅರದಿಂದ ಹದವಾಗಿ ಉಜ್ಜಿ, 400ರ, ಬಳಿಕ 600ರ ಎಮರಿ ಕಾಗದದಿಂದ ನುಣುಪುಗೊಳಿಸಿದೆ. ಇದಕ್ಕೆ ಎರಡು ದಿನ ಹಿಡಿಯಿತು, ಆತುರಪಡುವಂತಿಲ್ಲ: ಏಣು ಚಪ್ಪಟೆಯಾದರೆ ತಂತಿ ಝೇಂಕರಿಸುತ್ತದೆ, ತೀರ ಹರಿತವಾದರೆ ತಂತಿಯೇ ತುಂಡಾಗುತ್ತದೆ. ಪಟ್ಟಿಯ ಅಡಿಗೆ ಪೆನ್ಸಿಲಿನ ಸೀಸವನ್ನು ತೆಳುವಾಗಿ ಸವರಿದೆ. ಎಣ್ಣೆಯನ್ನಂತೂ ಹತ್ತಿರ ಸುಳಿಯಗೊಡಲಿಲ್ಲ. ಅದು ಬಿರಡೆಯ ಮರಕ್ಕೆ ಇಳಿದರೆ, ಆವರೆಗೆ ಬರೀ ಆರೋಪವಾಗಿದ್ದುದು ನಿಜವೇ ಆಗುತ್ತದೆ.

ಹೆಚ್ಚು ಫಲ ಕೊಟ್ಟದ್ದು ಮಾತ್ರ ಪಟ್ಟಿಯನ್ನು ಮರಳಿ ಕೂರಿಸಿದ ರೀತಿ. ಹಿಂದೆ ಯಾರೋ ಅದರ ತಿರುಪುಗಳನ್ನು ತಳಕಂಟುವಂತೆ ಬಿಗಿದಿದ್ದರಿಂದ ತಂತಿಗಳು ಕಡಿದಾಗಿ ಬಾಗಿದ್ದವು. ಹೊಸ ತಂತಿ ಹಾಕಿ ಅರೆಬಿಗಿಗೆ ತಂದ ಮೇಲೆ, ತಿರುಪುಗಳನ್ನು ಅರ್ಧರ್ಧ ಸುತ್ತು ಸಡಿಲಿಸುತ್ತ, ಕೀಲಿಯ ಸಣ್ಣ ಚಲನೆಗೂ ಸ್ವರ ಕೂಡಲೇ ಓಗೊಡುವ ಮಟ್ಟಕ್ಕೆ ತಂದು ನಿಲ್ಲಿಸಿದೆ. ಇನ್ನೂ ಸಡಿಲಿಸಿದ್ದರೆ ಸುತ್ತಿಗೆಯ ಪೆಟ್ಟಿಗೆ ತಂತಿಗಳು ಅಡ್ಡ ಸರಿಯುತ್ತಿದ್ದವು. ಒಂದಿಷ್ಟು ಘರ್ಷಣೆ ಇರಲೇಬೇಕು.

ಹೊಸ ತಂತಿ ಹಿಗ್ಗುವ ಕಾರಣ ಮಳೆಗಾಲ ಮುಗಿಯುವುದರೊಳಗೆ ನಾಲ್ಕು ಬಾರಿ ಶ್ರುತಿ ಮಾಡಬೇಕಾಯಿತು. ನಾಲ್ಕನೆಯ ಸಲ ಹೋದಾಗ ಕೊನೆಯ ಸಪ್ತಕದ ಒಂದೇ ಸ್ವರ ಟಕ್ಕೆನ್ನುತ್ತಿತ್ತು. ಅಲ್ಲಿನ ತಿರುಪೊಂದನ್ನು ಸಡಿಲಿಸಲು ನಾನೇ ಮರೆತಿದ್ದೆ.