ಐರ್ಲೆಂಡಿನ ಗೂಡ್ಸ್ ರೈಲನ್ನು ಮನೆಯಲ್ಲೇ ಓಡಿಸುವುದು ಹೇಗೆ

ಮಾಡೆಲ್ ರೈಲಿನ ಹವ್ಯಾಸಕ್ಕೆ ಬರುವವರು ಸಾಮಾನ್ಯವಾಗಿ ಮೊದಲು ಇಂಜಿನ್ ಕೊಳ್ಳುತ್ತಾರೆ. ಆಮೇಲೆ ಕೈಗೆ ಸಿಕ್ಕ ವ್ಯಾಗನ್‌ಗಳೆಲ್ಲ ಅದರ ಹಿಂದೆ ಬಂದು ಸೇರುತ್ತವೆ. ಐರ್ಲೆಂಡಿನ ಗೂಡ್ಸ್ ಮಾಡಬೇಕು ಅಂತಿದ್ದರೆ ದಯವಿಟ್ಟು ಇದನ್ನು ಉಲ್ಟಾ ಮಾಡಿ. ಮೊದಲು ಸರಕು ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ, ಅದು ಎಲ್ಲಿಂದ ಎಲ್ಲಿಗೆ ಯಾವ ದಾರಿಯಲ್ಲಿ ಹೋಗುತ್ತದೆ ಅಂತ ನೋಡಿ, ಆಮೇಲೆ ವ್ಯಾಗನ್ ಹುಡುಕಿ, ಇಂಜಿನ್ ಕೊನೆಗಿರಲಿ. ಯಾಕೆಂದರೆ ಅಲ್ಲಿ ಗೂಡ್ಸ್ ಓಡುವುದೇ ಕಡಿಮೆ, ಓಡುವುದೂ ಬಹುಪಾಲು ಒಂದೇ ಸರಕಿನ ರೇಕ್, ಅಂದರೆ ಒಟ್ಟಿಗೆ ಜೋಡಿಸಿಟ್ಟ ವ್ಯಾಗನ್‌ಗಳ ಸಾಲು. ಒಂದು ಸರಕು, ಒಂದೇ ತರಹದ ವ್ಯಾಗನ್, ಒಂದು ದಾರಿ. ನಮ್ಮ ಕಡೆ ಒಂದು ದೊಡ್ಡ ಜಂಕ್ಷನ್ನಿನ ಗೂಡ್ಸ್ ಕೆಲಸವನ್ನು ಪೂರ್ತಿ ಮಾಡೆಲ್ ಮಾಡಲು ಮನೆ ಸಾಲದು. ಐರ್ಲೆಂಡಿನಲ್ಲಿ ಒಂದು ಸರಕಿನ ಇಡೀ ಕೆಲಸವನ್ನು ಒಂದು ಗೋಡೆಯ ಉದ್ದದಲ್ಲಿ, ಸುಳ್ಳಿಲ್ಲದೆ ತೋರಿಸಬಹುದು. ನನಗೆ ಈ ವಿಷಯದ ಮೇಲೆ ಇಷ್ಟು ಪ್ರೀತಿ ಬಂದಿರುವುದೇ ಅದಕ್ಕೆ.

ಇತ್ತೀಚಿನ ವರ್ಷಗಳ ಗೂಡ್ಸ್ ಅಂದರೆ ಮುಖ್ಯವಾಗಿ ಮೂರು. ನವನ್ ಊರಿನ ಟಾರಾ ಗಣಿಯಿಂದ ಡಬ್ಲಿನ್ ಬಂದರಿಗೆ ಸತುವಿನ ಅದಿರು. ಪಶ್ಚಿಮದ ಮೇಯೋ ಕೌಂಟಿಯ ಬ್ಯಾಲಿನಾ, ವೆಸ್ಟ್‌ಪೋರ್ಟ್ ಕಡೆಯಿಂದ ವಾಟರ್‌ಫರ್ಡ್‌ಗೆ ಮರದ ದಿಮ್ಮಿ. ಮತ್ತೆ ಅದೇ ಬ್ಯಾಲಿನಾದಿಂದ ಡಬ್ಲಿನ್ನಿಗೂ ವಾಟರ್‌ಫರ್ಡ್ ಪಕ್ಕದ ಬೆಲ್‌ವ್ಯೂ ಬಂದರಿಗೂ ಕಂಟೇನರ್. ಎಳೆಯುವುದು ಹೆಚ್ಚಾಗಿ 071 ಕ್ಲಾಸ್ ಇಂಜಿನ್. ಅಮೆರಿಕದ ಜನರಲ್ ಮೋಟಾರ್ಸ್ 1976ರಲ್ಲಿ ಕಟ್ಟಿದ್ದು, ಒಟ್ಟು 18. ಇಷ್ಟು ವರ್ಷವಾದರೂ ಗೂಡ್ಸ್ ಕೆಲಸಕ್ಕೆ ಇವತ್ತೂ ಅದೇ ಗತಿ.

ಹಳೆಯ ಕಾಲ ಬೇಕು ಅಂದರೆ ಆಯ್ಕೆ ಜಾಸ್ತಿ. ಗುಂಡಗಿನ ಟ್ಯಾಂಕಿನ ಪುಟ್ಟ ಸಿಮೆಂಟ್ ವ್ಯಾಗನ್‌ಗಳಿದ್ದವು, ಅಲ್ಲಿನವರು ಅದನ್ನು 'ಬಬಲ್' ಅಂತಲೇ ಕರೆಯುತ್ತಾರೆ. ಸಿಮೆಂಟ್ ಸಾಗಾಟ 2009ಕ್ಕೆ ನಿಂತಿತು. ಕಾರ್ಕ್ ಹತ್ತಿರದ ಮರೀನೋ ಪಾಯಿಂಟ್‌ನಿಂದ ಆರ್ಕ್ಲೋ ಬಳಿಯ ಗೊಬ್ಬರದ ಕಾರ್ಖಾನೆಗೆ ಅಮೋನಿಯಾ ಹೋಗುತ್ತಿತ್ತು, 2002ರವರೆಗೆ. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ವೆಲ್ಲಿಂಗ್ಟನ್‌ಬ್ರಿಜ್‌ನಿಂದ ಮ್ಯಾಲೋ ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದ ಬೀಟ್ (ಸಕ್ಕರೆ ತೆಗೆಯುವ ಗಡ್ಡೆ) ರೈಲು. 2006ರಲ್ಲಿ ಕಾರ್ಖಾನೆ ಮುಚ್ಚಿತು, ರೈಲೂ ಹೋಯಿತು. ಅದರ ವಿಷಯ ಕೆಳಗೆ ಹೇಳುತ್ತೇನೆ.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಕಂಟೇನರ್ ರೈಲು, ಜಾಗ ಕಿಲ್ಡೇರ್. ಕಾರಣ ಇದೆ.

ಬ್ಯಾಲಿನಾದಿಂದ ಹೊರಟ ರೈಲು ಮನುಲ್ಲಾ ಜಂಕ್ಷನ್, ಕ್ಲೇರ್‌ಮಾರಿಸ್, ಅಥ್ಲೋನ್, ಪೋರ್ಟಾರ್ಲಿಂಗ್ಟನ್ ದಾಟಿ ಪೂರ್ವಕ್ಕೆ ಬರುತ್ತದೆ. ವಾಟರ್‌ಫರ್ಡ್ ಲೈನ್ ಒಡೆಯುವುದು ಚೆರಿವಿಲ್ ಜಂಕ್ಷನ್ನಿನಲ್ಲಿ. ಆದರೆ ಆ ಜಂಕ್ಷನ್ನಿನ ಮುಖ ಡಬ್ಲಿನ್ ಕಡೆಗಿದೆ. ಅಂದರೆ ಪಶ್ಚಿಮದಿಂದ ಬಂದ ರೈಲು ಅಲ್ಲಿ ನೇರವಾಗಿ ತಿರುಗಲಾರದು. ಅದು ಜಂಕ್ಷನ್ ದಾಟಿ ಕಿಲ್ಡೇರ್‌ವರೆಗೆ ಬರಬೇಕು, ಇಂಜಿನ್ ಬಿಚ್ಚಿ ಇನ್ನೊಂದು ತುದಿಗೆ ತಂದು ಹಾಕಬೇಕು, ಬಂದ ದಾರಿಯಲ್ಲೇ ಸ್ವಲ್ಪ ವಾಪಸ್ ಹೋಗಿ ವಾಟರ್‌ಫರ್ಡ್ ಲೈನ್ ಹಿಡಿಯಬೇಕು. ನಮ್ಮ ರೈಲು ಪ್ರಿಯರು ಲೋಕೋ ರಿವರ್ಸಲ್ ಅನ್ನುತ್ತಾರಲ್ವಾ, ಅದೇ.

ಈಗ ಇದನ್ನು ಮಾಡೆಲ್ ಕಣ್ಣಿನಿಂದ ನೋಡಿ. ರೈಲು ಎಡದಿಂದ ಬಂದು ಎಡಕ್ಕೇ ಹೋಗುತ್ತದೆ! ಹಾಗಾಗಿ ರೈಲು ಅಡಗಿಸಿಡುವ ಯಾರ್ಡ್ ಒಂದೇ ಕಡೆ ಇದ್ದರೆ ಸಾಕು. ಅದರಲ್ಲಿ ಒಂದು ಹಳಿ ಅಥ್ಲೋನ್, ಇನ್ನೊಂದು ಹಳಿ ವಾಟರ್‌ಫರ್ಡ್. ಬಲಗಡೆ ಇಂಜಿನ್ ನಿಲ್ಲುವಷ್ಟು ಹಳಿ, ಒಂದು ರಸ್ತೆ ಸೇತುವೆ, ಅದರಾಚೆ ಗೋಡೆ. ಬಾಡಿಗೆ ಮನೆಯ ರೂಮಿನಲ್ಲಿ ಸುತ್ತು ಹಳಿ ಹಾಕಲು ಜಾಗವಿಲ್ಲ ಅಂತ ಕೊರಗುವವರಿಗೆ ಇದಕ್ಕಿಂತ ಒಳ್ಳೆ ಪ್ಲಾನ್ ನಾನು ಕಂಡಿಲ್ಲ, ಅದೂ ನಿಜವಾಗಿ ನಡೆಯುವ ಕೆಲಸವೇ ಆಗಿರುವಾಗ.

ಅಳತೆಗೆ ಬರೋಣ. ಓಓ ಸ್ಕೇಲ್ ಅಂದರೆ 1:76, ನಿಜದ್ದರ 76ನೇ ಒಂದು ಪಾಲು. ಅದರಲ್ಲಿ 40 ಅಡಿಯ ಕಂಟೇನರ್ 16 ಸೆಂ.ಮೀ., 20 ಅಡಿಯದು 8 ಸೆಂ.ಮೀ., 071 ಇಂಜಿನ್ ಸುಮಾರು 23 ಸೆಂ.ಮೀ. ಕಂಟೇನರ್ ಹೊರುವ ಒಂದು ಫ್ಲಾಟ್ ವ್ಯಾಗನ್ನಿಗೆ ಕಪ್ಲಿಂಗ್ (ಜೋಡಿಸುವ ಕೊಂಡಿ) ಸೇರಿ 18 ಸೆಂ.ಮೀ. ಹಿಡಿಯಿರಿ. ಆರು ವ್ಯಾಗನ್ ಅಂದರೆ 108 ಸೆಂ.ಮೀ. ಲೂಪ್ ಅಂದರೆ ಮುಖ್ಯ ಹಳಿಯಿಂದ ಒಡೆದು ಮತ್ತೆ ಅದಕ್ಕೇ ಸೇರುವ ಪಕ್ಕದ ಹಳಿ; ಅದರ ಒಳಗೆ ಅಷ್ಟು ಜಾಗ ಪೂರ್ತಿ ಖಾಲಿ ಸಿಗಬೇಕು, ಎರಡೂ ತುದಿಯಲ್ಲಿ ಪಾಯಿಂಟಿಗೆ (ರೈಲು ಹಳಿ ಬದಲಿಸುವ ಜಾಗ) ಮೂವತ್ತು ಮೂವತ್ತು, ಆಮೇಲೆ ಎರಡೂ ಕಡೆ ಇಂಜಿನ್ ನಿಲ್ಲಲು 26ರಂತೆ. ಎಲ್ಲ ಸೇರಿ ಸುಮಾರು ಎರಡೂಕಾಲು ಮೀಟರ್ ಆಗುತ್ತದೆ. ಅಡಗಿಸುವ ಯಾರ್ಡಿಗೆ ಇನ್ನೊಂದೂವರೆ ಮೀಟರ್. ನಿಜವಾದ ರೈಲು ಇದರ ಎರಡು ಮೂರು ಪಟ್ಟು ಉದ್ದ ಇರುತ್ತದೆ, ಆದರೆ ಸೇತುವೆ ಕೆಳಗಿಂದ ಬಾಲ ಇನ್ನೂ ಬರುತ್ತಲೇ ಇದ್ದರೆ ಕಣ್ಣು ಲೆಕ್ಕ ಹಾಕುವುದಿಲ್ಲ. ಎಡಗಡೆಯೂ ಒಂದು ಸೇತುವೆ ಇಡಿ.

ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, ಅದರ ವಿಷಯದಲ್ಲಿ ಒಂದು ನಿರ್ಧಾರ ಮೊದಲೇ ಆಗಬೇಕು. ಐರ್ಲೆಂಡಿನ ಹಳಿ 5 ಅಡಿ 3 ಅಂಗುಲ, ಅಂದರೆ 1600 ಮಿ.ಮೀ. ನಮ್ಮ ಬ್ರಾಡ್ ಗೇಜ್ 1676, ಬ್ರಿಟನ್ನಿನದು 1435. 1:76ರಲ್ಲಿ ಸರಿಯಾಗಿ ಮಾಡಿದರೆ 21 ಮಿ.ಮೀ. ಬರಬೇಕು, ಆದರೆ ರೆಡಿಮೇಡ್ ಐರಿಷ್ ಮಾಡೆಲ್‌ಗಳು ಓಡುವುದು 16.5 ಮಿ.ಮೀ. ಹಳಿಯ ಮೇಲೆ. 21 ಮಿ.ಮೀ. ಬೇಕೆಂದರೆ ಹಳಿ, ಪಾಯಿಂಟ್ ಎಲ್ಲ ಕೈಯಿಂದ ಕಟ್ಟಬೇಕು, ಪ್ರತಿ ಗಾಲಿಯ ಜೋಡಿಯನ್ನೂ ಬದಲಾಯಿಸಬೇಕು. ಮಾಡುವವರಿದ್ದಾರೆ, ಮುಂದಿನಿಂದ ನೋಡಿದರೆ ಇಂಜಿನ್ ನಿಂತಿರುವ ಗತ್ತೇ ಬೇರೆ. ಮೊದಲ ಲೇಔಟಿಗೆ (ಬೋರ್ಡಿನ ಮೇಲೆ ಕಟ್ಟುವ ಇಡೀ ಮಾಡೆಲ್) ಬೇಡ. 16.5ರಲ್ಲೇ ಹಾಕಿ, ಆದರೆ ಸ್ಲೀಪರ್‌ಗಳ ನಡುವಿನ ಪ್ಲಾಸ್ಟಿಕ್ ಕೊಂಡಿ ಕತ್ತರಿಸಿ ಅಂತರ ಸ್ವಲ್ಪ ಹೆಚ್ಚಿಸಿ. ಬೋರ್ಡನ್ನು ಎದೆಯ ಎತ್ತರಕ್ಕೆ ಇಡಿ. ಪಕ್ಕದಿಂದ ನೋಡುವಾಗ ಗೇಜ್ ಕಾಣುವುದೇ ಇಲ್ಲ.

ಕಪ್ಲಿಂಗ್ ಬಗ್ಗೆ: ರೇಕಿನ ಒಳಗಡೆ ವ್ಯಾಗನ್‌ಗಳನ್ನು ಗಟ್ಟಿ ಕಡ್ಡಿಯಿಂದ ಜೋಡಿಸಿಬಿಡಿ, ಅವು ಬಿಚ್ಚುವುದೇ ಇಲ್ಲವಲ್ಲ. ಎರಡು ತುದಿಗೆ ಮತ್ತು ಇಂಜಿನ್ನಿಗೆ ಮಾತ್ರ ಕೇಡೀ (Kadee) ಕಂಪನಿಯ ತರಹದ ಮ್ಯಾಗ್ನೆಟ್ ಕಪ್ಲರ್. ಇಂಜಿನ್ ನಿಲ್ಲುವ ಜಾಗದಲ್ಲಿ ಹಳಿಯ ಕೆಳಗೆ ಮ್ಯಾಗ್ನೆಟ್ ಹೂತಿಟ್ಟರೆ ಕೈ ಹಾಕದೆ ಬಿಚ್ಚಿಕೊಳ್ಳುತ್ತದೆ.

ಇನ್ನು ಓಡಿಸುವ ಕ್ರಮ. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ರೈಲು ಬಂದು ನಿಂತಿತು. ಸುಮ್ನೆ ತಕ್ಷಣ ಇಂಜಿನ್ ಎಳೆಯಬೇಡಿ. ನಿಜದ ರೈಲಿನಲ್ಲಾದರೆ ಕೆಳಗೆ ಒಬ್ಬ ಮನುಷ್ಯ ಇಳಿದು, ಬ್ರೇಕ್ ಪೈಪ್ ಬಿಚ್ಚಿ, ಕಪ್ಲಿಂಗ್ ಸಡಿಲಿಸಿ ಹೊರಗೆ ಬರಬೇಕು. ಅಷ್ಟು ಹೊತ್ತು ಕಾಯಿರಿ. ಇಂಜಿನ್ ಮುಂದೆ ಹೋಗಲಿ, ನಿಲ್ಲಲಿ, ಪಾಯಿಂಟ್ ತಿರುಗಲಿ, ಪಕ್ಕದ ಹಳಿಯಲ್ಲಿ ನಿಧಾನವಾಗಿ ವಾಪಸ್ ಬರಲಿ. 071ಕ್ಕೆ ಎರಡೂ ತುದಿಯಲ್ಲಿ ಕ್ಯಾಬ್ ಇದೆ, ಇಂಜಿನ್ ತಿರುಗಿಸುವ ತಾಪತ್ರಯವಿಲ್ಲ, ಡ್ರೈವರ್ ಮಾತ್ರ ಆ ಕ್ಯಾಬಿನಿಂದ ಈ ಕ್ಯಾಬಿಗೆ ಹೋಗಬೇಕು. ಅದಕ್ಕೂ ಸಮಯ ಕೊಡಿ. ಇಂಜಿನ್ ಸೇರಿದ ಮೇಲೆ ಬ್ರೇಕ್ ಪರೀಕ್ಷೆ. ಕೊನೆಯದಾಗಿ ಬಾಲದ ಕೆಂಪು ದೀಪ. ಬರುವಾಗ ಕೊನೆಯಾಗಿದ್ದ ವ್ಯಾಗನ್ ಈಗ ಇಂಜಿನ್ನಿನ ಪಕ್ಕದಲ್ಲಿದೆ, ದೀಪ ಅಲ್ಲಿಂದ ಈ ತುದಿಗೆ ಬರಲೇಬೇಕು. ಪುಟ್ಟ ದೀಪದ ತಳಕ್ಕೆ ಸಾಸಿವೆ ಗಾತ್ರದ ಮ್ಯಾಗ್ನೆಟ್ ಅಂಟಿಸಿ, ವ್ಯಾಗನ್ ತುದಿಗೆ ಕಬ್ಬಿಣದ ಚೂರು ಅಂಟಿಸಿ, ಚಿಮ್ಮಟದಲ್ಲಿ ಹಿಡಿದು ಬದಲಾಯಿಸಿ. ದೀಪ ಹಾಕದೆ ರೈಲು ಹೊರಡಿಸಬಾರದು ಅನ್ನುವ ನಿಯಮ ನಿಮ್ಮ ಮನೆಯಲ್ಲೂ ಇರಲಿ.

ವೇಗಕ್ಕೆ ಗಡಿಯಾರ ಬಳಸಿ. ಗಂಟೆಗೆ 80 ಕಿ.ಮೀ. ಅಂದರೆ 1:76ರಲ್ಲಿ ಸೆಕೆಂಡಿಗೆ 29 ಸೆಂ.ಮೀ., ಒಂದು ಮೀಟರ್ ದಾಟಲು ಮೂರೂವರೆ ಸೆಕೆಂಡ್. ಯಾರ್ಡಿನಲ್ಲಿ ಗಂಟೆಗೆ 15 ಕಿ.ಮೀ. ಹಿಡಿದರೆ ಒಂದು ಮೀಟರಿಗೆ 18 ಸೆಕೆಂಡ್. ಡಬ್ಲಿನ್ ಬಂದರಿನ ಅಲೆಕ್ಸಾಂಡ್ರಾ ರಸ್ತೆಯಲ್ಲಿ ಗೂಡ್ಸ್ ರೈಲು ಲಾರಿಗಳ ಪಕ್ಕದಲ್ಲೇ ನಡಿಗೆಯ ವೇಗದಲ್ಲಿ ಹೋಗುತ್ತದೆ, ಅದನ್ನು ಮಾಡೆಲ್ ಮಾಡುವವರು ಒಂದು ಮೀಟರಿಗೆ 55 ಸೆಕೆಂಡ್ ಕೊಡಬೇಕು.

ಸದ್ದು ಬೇಕೆಂದರೆ 071ಕ್ಕೆ ಇಎಮ್‌ಡಿ 645 (ಅದರೊಳಗಿನ ಡೀಸೆಲ್ ಯಂತ್ರದ ಹೆಸರು), ಹನ್ನೆರಡು ಸಿಲಿಂಡರಿನ ಡಿಕೋಡರ್, ಅಂದರೆ ಮಾಡೆಲ್ಲಿನೊಳಗೆ ಕೂರುವ ಸದ್ದಿನ ಚಿಪ್, ಕೇಳಿ. 1994ರಿಂದ ಬಂದ 201 ಕ್ಲಾಸ್ ಇಂಜಿನ್ನಿನದು 710, ಹನ್ನೆರಡು ಸಿಲಿಂಡರ್. ನಮ್ಮ ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಇಂಜಿನ್ನಿನೊಳಗೆ ಇರುವುದೂ ಅದೇ 710, ಹದಿನಾರು ಸಿಲಿಂಡರಿನದು. ಆ ಸದ್ದು ಕೇಳಿ ಬೆಳೆದ ಕಿವಿಗೆ ಒಳ್ಳೆ ರೆಕಾರ್ಡಿಂಗ್ ಯಾವುದು ಅಂತ ಬೇಗ ಗೊತ್ತಾಗುತ್ತದೆ.

ಬೀಟ್ ರೈಲಿಗೆ ಬರುತ್ತೇನೆ. ಅದರ ವ್ಯಾಗನ್ ನೋಡಲು ವಿಚಿತ್ರ: ಹಳೆಯ ತೆರೆದ ವ್ಯಾಗನ್ನಿನ ಏಣುಏಣಾದ ತಗಡಿನ ಮೈ, ಅದರ ಮೇಲೆ ಇನ್ನೊಂದು ಅಂಥದೇ ಮೈ ಕೂರಿಸಿದ್ದು, ಕೆಳಗೆ ನಾಲ್ಕೇ ಗಾಲಿ. ಮಾಡೆಲ್ಲಿನಲ್ಲೂ ಹಾಗೇ ಮಾಡಬಹುದು, ಎರಡು ಮೈ ಒಂದರ ಮೇಲೊಂದು. ಲೋಡಿಗೆ ನಾನು ಬಳಸುವುದು ಮೆಂತ್ಯ. ಸಕ್ಕರೆ ಬೀಟ್ ಕೆಂಪಗಿರುವುದಿಲ್ಲ, ಮಣ್ಣು ಮೆತ್ತಿದ ಮಾಸಲು ಬಿಳಿ, ಆಕಾರ ಸೊಟ್ಟ. ಮೆಂತ್ಯದ ಕಾಳು ಮೂರು ನಾಲ್ಕು ಮಿ.ಮೀ. ಇರುತ್ತದೆ, 1:76ರಲ್ಲಿ ಅದು ಹೆಚ್ಚುಕಡಿಮೆ ಒಂದು ಅಡಿಯ ಗಡ್ಡೆ. ವ್ಯಾಗನ್ ಒಳಗೆ ಥರ್ಮೋಕೋಲ್ ತುಂಬಿ, ಮೇಲೆ ನಡು ಸ್ವಲ್ಪ ಉಬ್ಬುವ ಹಾಗೆ ಕಾಳು ಹರಡಿ. ಹುಳ ಬೀಳದ ಹಾಗೆ ಮೊದಲು ಹಗುರಾಗಿ ಹುರಿದುಕೊಳ್ಳಿ. ನೀರು ಬೆರೆಸಿದ ಫೆವಿಕಾಲ್ ಮಾತ್ರ ಸುರಿಯಬೇಡಿ, ಮೆಂತ್ಯ ನೀರು ಕುಡಿದು ಉಬ್ಬಿ ಲೋಳೆಯಾಗುತ್ತದೆ. ಗಟ್ಟಿ ಫೆವಿಕಾಲನ್ನು ತೆಳ್ಳಗೆ ಬಳಿದು ಅದರ ಮೇಲೆ ಕಾಳು ಒತ್ತಿ. ಒಣಗಿದ ಮೇಲೆ ಮ್ಯಾಟ್ ವಾರ್ನಿಷ್, ಆಮೇಲೆ ಕಂದು ಬಣ್ಣದ ಪುಡಿಯನ್ನು ಒಣ ಬ್ರಷ್ಷಿನಲ್ಲಿ ಉಜ್ಜಿ. ಬೀಟ್ ಸಾಗಾಟ ಚಳಿಗಾಲದ ಕೆಲಸ, ಹಾಗಾಗಿ ಲೇಔಟಿನ ಮರಗಳಲ್ಲಿ ಎಲೆ ಇರಬಾರದು, ಯಾರ್ಡಿನ ನೆಲ ಕೆಸರಾಗಿರಬೇಕು.

ದಿಮ್ಮಿ ರೈಲಿಗೆ ಒಣ ರೆಂಬೆಗಳನ್ನು 4 ಸೆಂ.ಮೀ. ಉದ್ದಕ್ಕೆ ಕತ್ತರಿಸಿದರೆ ಆಯಿತು. ತೆಂಗಿನ ಕಡ್ಡಿ ಬೇಡ, ಎಲ್ಲ ಒಂದೇ ದಪ್ಪ ಕಾಣುತ್ತದೆ. ದಪ್ಪ ಸಣ್ಣ ಬೆರೆಸಿ, ಕತ್ತರಿಸಿದ ತುದಿ ಬೆಳ್ಳಗೆ ಉಳಿಯಲಿ.

ಕೊಳ್ಳುವುದಕ್ಕೆ ಎರಡು ಹೆಸರು ನೆನಪಿಟ್ಟುಕೊಳ್ಳಿ. ಇಂಜಿನ್ನಿಗೆ ಮರ್ಫಿ ಮಾಡೆಲ್ಸ್, ವ್ಯಾಗನ್ನಿಗೆ ಐರಿಷ್ ರೈಲ್ವೆ ಮಾಡೆಲ್ಸ್. ಸಿಮೆಂಟ್ ಬಬಲ್, ಅಮೋನಿಯಾ ಟ್ಯಾಂಕ್, ಟಾರಾ ವ್ಯಾಗನ್ ಇವರು ಮಾಡಿದ್ದಾರೆ. ಇವು ಒಂದೊಂದು ಬ್ಯಾಚ್ ಬರುತ್ತವೆ, ಮುಗಿದರೆ ಮತ್ತೆ ಬರುವ ತನಕ ಕಾಯಬೇಕು, ಇಲ್ಲವೇ ಸೆಕೆಂಡ್ ಹ್ಯಾಂಡ್ ಹುಡುಕಬೇಕು. ಬಣ್ಣ ನೋಡಿ ಕೊಳ್ಳಿ. ಈಗಿನ ಬೂದು ಬಣ್ಣದ 071ರ ಹಿಂದೆ ಸಿಮೆಂಟ್ ಬಬಲ್ ಬರಲಾರದು, ಆ ಬಣ್ಣ ಬರುವ ಮೊದಲೇ ಸಿಮೆಂಟ್ ರೈಲು ನಿಂತಿತ್ತು. ಬಬಲ್ ಆಸೆಯಿದ್ದರೆ ಕಿತ್ತಳೆ ಕಪ್ಪು ಬಣ್ಣದ ಇಂಜಿನ್ ತೆಗೆದುಕೊಳ್ಳಿ.