ಲೇಸರ್ ಮಾಡಿಸಬೇಕೋ ಬೇಡವೋ: ನನ್ನ ಕಣ್ಣಿಗೆ ನಾನೇ ಹಾಕಿದ ಲೆಕ್ಕ

ಕನ್ನಡಕ ಬಿಟ್ಟು ಎರಡು ವರ್ಷ ದಾಟಿತು. ಎರಡೂ ಕಣ್ಣು 6/6. ನಾನು ಮಾಡಿಸಿದ್ದು ಪಿಆರ್‌ಕೆ, ಅಂದರೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ತೆಳು ಮೇಲ್ಪೊರೆ ತೆಗೆದು ಲೇಸರ್‌ನಿಂದ ಪವರ್ ಸರಿಮಾಡುವುದು. "ಅದು ಹಳೇದು, ನೋವು ಜಾಸ್ತಿ, ಸ್ಮೈಲ್ ಮಾಡಿಸು" ಅಂತ ಆಫೀಸಿನವರೆಲ್ಲ ಹೇಳಿದ್ದರು (ಸ್ಮೈಲ್ ಅಂದರೆ ಸಣ್ಣ ಸೀಳಿನಿಂದ ಮಾಡುವ ಹೊಸ ಲೇಸರ್ ವಿಧಾನ). ಈಗ ಅವರೇ ಬಂದು ಹೇಗೆ ತೀರ್ಮಾನ ಮಾಡಿದೆ ಅಂತ ಕೇಳುತ್ತಿದ್ದಾರೆ.

ನನ್ನ ಪವರ್ ಮೈನಸ್ 5, ಜೊತೆಗೆ ಮುಕ್ಕಾಲು ಸಿಲಿಂಡರ್ (ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಿದ್ದಾಗ ಬರುವ ಪವರ್). ಬೆಂಗಳೂರಿನಲ್ಲಿ ಮೊದಲು ಹೋದ ಕಡೆ ತಪಾಸಣೆ ಫ್ರೀ. ಕಾಂಟ್ಯಾಕ್ಟ್ ಲೆನ್ಸ್ ಯಾವಾಗ ತೆಗೆದಿರಿ ಅಂತಲೂ ಕೇಳದೆ ಸ್ಕ್ಯಾನ್ ಮಾಡಿದರು. ಲೆನ್ಸ್ ಕಾರ್ನಿಯಾದ ಆಕಾರವನ್ನೇ ಸ್ವಲ್ಪ ಬದಲಿಸುತ್ತೆ. ಅವತ್ತು ಬೆಳಿಗ್ಗೆವರೆಗೆ ಲೆನ್ಸ್ ಹಾಕಿದ್ದ ಕಾರ್ನಿಯಾದ ಅಳತೆಯನ್ನು ನಂಬೋಕಾಗುತ್ತಾ? ಡಾಕ್ಟರ್ ಮುಖ ನೋಡುವ ಮೊದಲೇ ಕೌನ್ಸೆಲರ್ ಲಕ್ಷದ ಪ್ಯಾಕೇಜ್ ಮುಂದಿಟ್ಟರು. ಇವತ್ತೇ ಅಡ್ವಾನ್ಸ್ ಕಟ್ಟಿದರೆ ಹತ್ತು ಸಾವಿರ ಕಮ್ಮಿಯಂತೆ. ಎದ್ದು ಬಂದೆ.

ಎರಡು ವಾರಕ್ಕೂ ಜಾಸ್ತಿ ಲೆನ್ಸ್ ಮುಟ್ಟಲಿಲ್ಲ. ಆಮೇಲೆ ಬೇರೆ ಕ್ಲಿನಿಕ್‌ನಲ್ಲಿ ಎರಡೂವರೆ ಸಾವಿರದಷ್ಟು ಕೊಟ್ಟು ಪೆಂಟಾಕ್ಯಾಮ್ (ಕಾರ್ನಿಯಾದ ಆಕಾರ, ದಪ್ಪ ಅಳೆಯುವ ಸ್ಕ್ಯಾನ್) ಮಾಡಿಸಿದೆ. ಸರ್ಜರಿ ಮಾತು ಬೇಡ, ರಿಪೋರ್ಟ್ ಮಾತ್ರ ಕೊಡಿ ಅಂದೆ. "ಫ್ರೀ ಇರುವಾಗ ದುಡ್ಡು ಕೊಟ್ಟು ಯಾರಾದ್ರೂ ಟೆಸ್ಟ್ ಮಾಡಿಸ್ತಾರಾ?" ಅಂತ ಅಪ್ಪ ಗೊಣಗಿದರು. ನನ್ನ ಪ್ರಕಾರ ಇಡೀ ಖರ್ಚಿನಲ್ಲಿ ಅತ್ಯಂತ ಲಾಭದ ದುಡ್ಡು ಅದೇ.

ಕಾರ್ನಿಯಾ ದಪ್ಪ 490 ಮೈಕ್ರಾನ್ ಸುಮಾರು. ಸಾಮಾನ್ಯವಾಗಿ 540ರ ಆಸುಪಾಸು ಇರುತ್ತೆ, ಹಾಗಾಗಿ ನನ್ನದು ತೆಳು. ಲೇಸರ್ ಒಂದು ಪವರ್‌ಗೆ 15 ಮೈಕ್ರಾನ್ ತಿನ್ನುತ್ತೆ ಅಂತ ಹಿಡಿಯಿರಿ, ಸಿಲಿಂಡರ್ ಸೇರಿ ನನಗೆ ಸುಮಾರು 85. ಲ್ಯಾಸಿಕ್ ಆದರೆ ಮೊದಲು ಕಾರ್ನಿಯಾದ ಮೇಲ್ಭಾಗವನ್ನು ಮುಚ್ಚಳದ ಹಾಗೆ ಕತ್ತರಿಸಿ ಎತ್ತುತ್ತಾರೆ, ಆ ಫ್ಲಾಪ್‌ಗೆ ಇನ್ನೊಂದು 110. ಕೆಳಗೆ ಉಳಿಯುವುದು 295. ತೀರಾ ಕಮ್ಮಿ ಉಳಿದರೆ ಕಾರ್ನಿಯಾ ಬಲ ಕಳೆದುಕೊಳ್ಳುತ್ತೆ. 250 ಉಳಿದರೆ ಸಾಕು ಅನ್ನುವವರಿದ್ದಾರೆ, 300 ಬೇಕೇ ಬೇಕು ಅನ್ನುವವರೂ ಇದ್ದಾರೆ. ನಾನು ಎರಡನೆಯವರ ಕಡೆ. ಪಿಆರ್‌ಕೆಯಲ್ಲಿ ಫ್ಲಾಪ್ ಇಲ್ಲ. ಮೇಲಿನ 50 ಮೈಕ್ರಾನ್ ಪದರ ತಾನಾಗಿ ಮತ್ತೆ ಬೆಳೆಯುತ್ತೆ, ಕೆಳಗೆ 355 ಉಳಿಯುತ್ತೆ. ಸ್ಕ್ಯಾನಿನಲ್ಲಿ ಕೆರಟೊಕೋನಸ್ (ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ಕಾಯಿಲೆ) ಸುಳಿವು ಇದ್ದರೆ ಈ ಲೆಕ್ಕವೇ ಬೇಡ, ಅಲ್ಲಿಗೇ ಕೈಬಿಡಿ. ನನ್ನ ರಿಪೋರ್ಟಿನಲ್ಲಿ ಅದಿರಲಿಲ್ಲ.

ಅಡ್ಡ ಬಂದದ್ದು ಒಣಗಣ್ಣು. ಕೆಳ ರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಒದ್ದೆಯಾಗಿದ್ದು ಆರು ಮಿಲಿಮೀಟರ್, ಹತ್ತಾದರೂ ದಾಟಬೇಕಿತ್ತು. ಈ ಸ್ಥಿತಿಯಲ್ಲಿ ಲೇಸರ್ ಮಾಡಿಸಿದರೆ ಉರಿ ಇನ್ನೂ ಜಾಸ್ತಿಯಾಗುತ್ತೆ, ಮುಂದೂಡಿದೆ. ದಿನಾ ರಾತ್ರಿ ಬಿಸಿ ಬಟ್ಟೆ ಶಾಖ, ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್, ಆಫೀಸಿನಲ್ಲಿ ಎಸಿ ಗಾಳಿ ಮುಖಕ್ಕೆ ಬೀಳದ ಸೀಟು. ಮಧ್ಯೆ ಮಧ್ಯೆ ರೆಪ್ಪೆ ಹೊಡೆಯದೆ ಎಷ್ಟು ಹೊತ್ತು ತಡೆದುಕೊಳ್ಳುತ್ತೇನೆ ಅಂತ ಫೋನಿನಲ್ಲಿ ಟೈಮ್ ಹಿಡಿಯುತ್ತಿದ್ದೆ. ಮೊದಲು ಐದಾರು ಸೆಕೆಂಡಿಗೇ ಉರಿ, ನಾಲ್ಕೈದು ತಿಂಗಳಲ್ಲಿ ಹದಿನೈದಕ್ಕೆ ಬಂತು. ಕಾಗದದ ಪಟ್ಟಿಯೂ ಹನ್ನೆರಡು ತೋರಿಸಿತು. ಅಷ್ಟರಲ್ಲಿ ಪವರ್ ಒಂದು ವರ್ಷ ಕದಲಿಲ್ಲ ಅನ್ನುವುದೂ ಹಳೇ ಚೀಟಿಗಳಿಂದ ಖಾತ್ರಿಯಾಯಿತು.

ಸರ್ಜನ್‌ಗೆ ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಕೌನ್ಸೆಲರ್‌ಗಳು ಉತ್ತರ ಬಾಯಿಪಾಠ ಮಾಡಿಕೊಳ್ಳುತ್ತಾರೆ.

ಕೊನೆಗೆ ಪಿಆರ್‌ಕೆ ಮಾಡಿಸಿದೆ. ನೋವು ಸುಳ್ಳಲ್ಲ. ಮೂರು ದಿನ ಕಣ್ಣಿಗೆ ಈರುಳ್ಳಿ ಹಿಂಡಿದ ಹಾಗಿತ್ತು. ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಮಲಗಿದ್ದೆ. ಗಾಯ ಮಾಯುವವರೆಗೆ ಕಣ್ಣಿನ ಮೇಲಿಟ್ಟಿದ್ದ ಬ್ಯಾಂಡೇಜ್ ಲೆನ್ಸ್ ತೆಗೆದ ಮೇಲೆ ಆರಾಮ, ಆದರೆ ಸ್ಕ್ರೀನ್ ಅಕ್ಷರ ಪೂರ್ತಿ ಚೂಪಾಗಲು ಎರಡು ತಿಂಗಳು ಹಿಡಿಯಿತು. ಸರ್ಜರಿ ಮೂವತ್ತೈದು ನಲವತ್ತು ಸಾವಿರ, ಟೆಸ್ಟು, ಡ್ರಾಪ್ಸ್, ಕೂಲಿಂಗ್ ಗ್ಲಾಸ್ ಸೇರಿ ಐವತ್ತರ ಒಳಗೆ. ಪವರ್ 7.5ಕ್ಕಿಂತ ಕಮ್ಮಿ ಇದ್ದರೆ ಮಾಮೂಲಿ ಆರೋಗ್ಯ ವಿಮೆ ದುಡ್ಡು ಕೊಡಲ್ಲ, ಕೈಯಿಂದಲೇ ಹಾಕಬೇಕು.

ನನ್ನದು ನೋಡಿ ಅಣ್ಣನಿಗೂ ಆಸೆ ಬಂತು. ಅವನಿಗೆ ನಲವತ್ಮೂರು, ದೂರದ ಪವರ್ ತೆಗೆಸಿದರೂ ಓದುವ ಕನ್ನಡಕ ಬಂದೇ ಬರುತ್ತೆ. ಒಂದು ಕಣ್ಣನ್ನು ದೂರಕ್ಕೆ, ಇನ್ನೊಂದನ್ನು ಹತ್ತಿರಕ್ಕೆ ಸರಿಮಾಡುವ ಮಾನೋವಿಷನ್ ಅಂತಿದೆಯಲ್ಲ, ಅದನ್ನು ಲೆನ್ಸಿನಲ್ಲೇ ಒಂದು ವಾರ ಹಾಕಿ ನೋಡು ಅಂದೆ. ಪೇಪರ್ ಓದಿದ, ಟಿವಿ ನೋಡಿದ, ಎಲ್ಲ ಸರಿ. ರಾತ್ರಿ ಮೈಸೂರು ರಸ್ತೆಯಲ್ಲಿ ಕಾರು ಓಡಿಸುವಾಗ ಮಾತ್ರ ಎದುರು ಗಾಡಿ ಎಷ್ಟು ದೂರ ಇದೆ ಅಂತ ಗೊತ್ತಾಗಲಿಲ್ಲವಂತೆ. ಬೇಡವೇ ಬೇಡ ಅಂದ. ಖರ್ಚಾದದ್ದು ಟ್ರಯಲ್ ಲೆನ್ಸಿನ ದುಡ್ಡು ಅಷ್ಟೇ.